ಸ್ಪ್ರೇ ಡ್ರೈಯರ್‌ಗೆ ಯಾವ ನಾಝಲ್? ಮೂರು ಬಗೆಯನ್ನೂ ನೋಡಿದ ಮೇಲೆ

ಹುಬ್ಬಳ್ಳಿ ತಾರಿಹಾಳದ ನಮ್ಮ ಘಟಕದಲ್ಲಿ ಹೆಚ್ಚಾಗಿ ಓಡುವುದು ಬ್ಯಾಡಗಿ ಮೆಣಸಿನಕಾಯಿಯ ಬಣ್ಣ. ಮೆಣಸಿನಕಾಯಿಯಿಂದ ತೆಗೆದ ಎಣ್ಣೆಯಂಥ ಸಾರ ಓಲಿಯೊರೆಸಿನ್‌ಗೆ ಗಮ್ ಅಕೇಶಿಯಾ ಎಂಬ ಅಂಟು, ಪಿಷ್ಟದಿಂದ ಮಾಡಿದ ಮಾಲ್ಟೊಡೆಕ್ಸ್‌ಟ್ರಿನ್ ಪುಡಿ, ನೀರು ಸೇರಿಸಿ, ಎಣ್ಣೆ-ನೀರು ಒಂದಾಗಲು ಹೊಮೊಜಿನೈಸರ್‌ನಲ್ಲಿ ಹಾಯಿಸುತ್ತೇವೆ. ಈ ದ್ರವವೇ ಫೀಡ್, ಆಮೇಲೆ ಡ್ರೈಯರ್‌ಗೆ. ಅಲ್ಲಿ ನಾಝಲ್ ಅದನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ, ಬಿಸಿ ಗಾಳಿ ಹನಿಗಳನ್ನು ಒಣಗಿಸಿ ಪುಡಿ ಮಾಡುತ್ತದೆ. ಒಳಗೆ ಹೋಗುವ ಗಾಳಿ 180 ಡಿಗ್ರಿ ಆಸುಪಾಸು, ಹೊರಗೆ ಬರುವುದು 90ರ ಹತ್ತಿರ.

ಗಿರಾಕಿಗಳದ್ದು ಒಂದೇ ಹಾಡು: "ಪುಡಿ ನುಣ್ಣಗಿರಬೇಕು." ನಾಝಲ್ ಮಾರುವವರೂ ಅದನ್ನೇ ಹಿಡಿದು ಮಾತಾಡುತ್ತಾರೆ. ಆದರೆ ಮೆಣಸಿನ ಬಣ್ಣಕ್ಕೆ ನುಣುಪು ಜಾಸ್ತಿಯಾದರೆ ನಷ್ಟವೇ. ಕಣ ಚಿಕ್ಕದಾದಷ್ಟೂ ಗಾಳಿಗೆ ಸಿಗುವ ಮೈ ಜಾಸ್ತಿ, ಬಣ್ಣ ಬೇಗ ಮಾಸುತ್ತದೆ.

ಎರಡು ದಾರಿಯ ನಾಝಲ್, ಅಂದರೆ ಕಂಪ್ರೆಸರ್ ಗಾಳಿಯಿಂದ ದ್ರವ ಒಡೆಯುವುದು, ಹಿಡಿತಕ್ಕೆ ಸುಲಭ. ಗಟ್ಟಿ ಫೀಡ್ ಕೂಡ ಹಾಯುತ್ತದೆ. ಪಂಪಿಗೆ ದೊಡ್ಡ ಒತ್ತಡ ಬೇಡ, ಗಾಳಿ ಕೆಲವೇ ಬಾರ್ ಇದ್ದರೆ ಸಾಕು. ಹೊಸ ಮಾಲಿನ ಸ್ಯಾಂಪಲ್ ತೆಗೆಯಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ದಿನದ ಓಟಕ್ಕೆ ಮಾತ್ರ ಬೇಡ. ಒಂದು ಕೆಜಿ ದ್ರವ ಒಡೆಯಲು ಹೆಚ್ಚುಕಡಿಮೆ ಅಷ್ಟೇ ತೂಕದ ಗಾಳಿ ನುಂಗುತ್ತದೆ, ನುಣ್ಣಗೆ ಬೇಕೆಂದರೆ ಇನ್ನೂ ಹೆಚ್ಚು. ಕಂಪ್ರೆಸರ್ ಬಿಲ್ ನೋಡಿದವರಿಗೇ ಗೊತ್ತು! ಮೇಲಾಗಿ ನುಣ್ಣನೆ ಪುಡಿ, ಗಾಳಿಯಿಂದ ಪುಡಿ ಬೇರ್ಪಡಿಸುವ ಸೈಕ್ಲೋನ್‌ನಲ್ಲಿ ಇಳಿಯದೆ ಬ್ಯಾಗ್ ಫಿಲ್ಟರ್‌ಗೆ ಓಡುತ್ತದೆ. ಆ ಬ್ಯಾಗ್ ಕೊಡವುವ ದಿನ ಇಡೀ ಶೆಡ್ ಕೆಮ್ಮುತ್ತದೆ. ಬ್ಯಾಡಗಿಗೆ ಖಾರ ಕಡಿಮೆ ಅನ್ನುವುದು ಅಡುಗೆಮನೆಗೆ ಮಾತ್ರ ನಿಜ.

ರೋಟರಿ ಚಕ್ರವನ್ನು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಜಾಬ್ ವರ್ಕ್ ಮಾಡುವವರ ಡ್ರೈಯರ್‌ನಲ್ಲಿ ನೋಡಿದೆ. ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟಿ ತಿರುಗುತ್ತದೆ. ಕಟ್ಟಿಕೊಳ್ಳುವ ತಲೆನೋವೇ ಇಲ್ಲ, ಫೀಡ್ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಆದರೆ ಹನಿಗಳನ್ನು ಅಡ್ಡಕ್ಕೆ ಎಸೆಯುತ್ತದೆ, ಅಗಲವಾದ ಚೇಂಬರ್ ಬೇಕೇ ಬೇಕು. ನಮ್ಮದು ಎತ್ತರದ, ಸಣ್ಣ ಸುತ್ತಳತೆಯ ಗೋಪುರ. ಅದರಲ್ಲಿ ಚಕ್ರ ಕೂರಿಸಿದರೆ ಒದ್ದೆ ಪುಡಿಯೆಲ್ಲ ಗೋಡೆಗೆ ಮೆತ್ತಿಕೊಳ್ಳುತ್ತದೆ. ನಮಗೆ ಅಲ್ಲಿಗೆ ಮಾತು ಮುಗಿಯಿತು.

ಉಳಿದದ್ದು ಪ್ರೆಶರ್ ನಾಝಲ್, ಅಂದರೆ ಪಂಪಿನ ಒತ್ತಡದಿಂದಲೇ ದ್ರವ ಒಡೆಯುವುದು. ಪ್ಲಂಜರ್ ಪಂಪ್ ನೂರಾರು ಬಾರ್‌ವರೆಗೂ ತಳ್ಳುವ ಜಾತಿಯದು. ಪುಡಿ ದಪ್ಪ, ಭಾರ, ಚೀಲದಿಂದ ಸರಾಗ ಸುರಿಯುತ್ತದೆ. ಬಣ್ಣವೂ ಚೆನ್ನಾಗಿ ನಿಲ್ಲುತ್ತದೆ. ಒತ್ತಡವನ್ನು ಅತಿಯಾಗಿ ಏರಿಸದಿದ್ದರೆ ಎಣ್ಣೆ ಹನಿಗಳೂ ಒಡೆದು ಮೇಲೆ ಬರುವುದಿಲ್ಲ. ಇಲ್ಲಿ ಒಂದು ಲೆಕ್ಕ ನೆನಪಿರಲಿ. ಒತ್ತಡ ಏರಿಸಿ ಫೀಡ್ ಎರಡು ಪಟ್ಟು ಮಾಡುತ್ತೇನೆ ಅಂದರೆ ಒತ್ತಡ ನಾಲ್ಕು ಪಟ್ಟು ಬೇಕಾಗುತ್ತದೆ. ಹಾಗಾಗಿ ಉತ್ಪಾದನೆ ಹೆಚ್ಚಿಸಬೇಕಾದರೆ ಒತ್ತಡಕ್ಕೆ ಕೈ ಹಾಕಬೇಡಿ, ದೊಡ್ಡ ರಂಧ್ರದ ಆರಿಫಿಸ್ (ತುದಿಯಲ್ಲಿ ಕೂರುವ ತೂತಿನ ಬಿಲ್ಲೆ) ಹಾಕಿ.

ಇದರ ಕಾಟ ತುದಿಯಲ್ಲಿದೆ. ಗಮ್ ಸರಿಯಾಗಿ ಕರಗದ ಒಂದು ಸಣ್ಣ ಗಂಟು ಸ್ಟ್ರೈನರ್ ತಪ್ಪಿಸಿಕೊಂಡು ಬಂದರೆ ಸಾಕು, ನಾಝಲ್‌ನಿಂದ ಹೊರಡುವ ಹನಿಗಳ ಕೋನ್ ಒಂದು ಕಡೆ ಹರಿದು ಕೆಂಪು ಗೆರೆ ಗೋಡೆಗೆ ಬೀಳುತ್ತದೆ. ನಮ್ಮ ಆಪರೇಟರ್ ತುದಿ ಬಿಚ್ಚಿ, ದ್ರವವನ್ನು ಸುಳಿ ತಿರುಗಿಸುವ ಒಳಗಿನ ಕೋರ್ ತೊಳೆದು, ಆರಿಫಿಸ್ ಅನ್ನು ಟಾರ್ಚ್ ಮುಂದೆ ಹಿಡಿದು ತಿರುಗಿಸುತ್ತಾನೆ. ಅಂಚು ದುಂಡಗೆ ಕಾಣದೆ ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಸವೆದಿದೆ ಎಂದರ್ಥ. "ಸರ್, ಇದು ಮುಗೀತು" ಅಂತ ಪಕ್ಕಕ್ಕಿಡುತ್ತಾನೆ. ಕಣ್ಣಿಗಿಂತ ನಂಬಿಕೆ ಬಕೆಟ್‌ಗೆ: ಒಂದೇ ಒತ್ತಡದಲ್ಲಿ ಒಂದು ನಿಮಿಷ ನೀರು ಹಿಡಿದು ತೂಗುತ್ತೇವೆ. ಹೊಸದಕ್ಕಿಂತ ಹತ್ತು ಪರ್ಸೆಂಟ್ ಜಾಸ್ತಿ ಬಂದರೆ ಬದಲಿಸುತ್ತೇವೆ. ಸ್ಟೀಲ್ ಆರಿಫಿಸ್ ಅಗ್ಗ, ಆದರೆ ಬೇಗ ಸವೆಯುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ದುಬಾರಿಯಾದರೂ ಅದೇ ಲಾಭ. ಹುಷಾರು, ಕೆಳಗೆ ಬಿದ್ದರೆ ಬಿರುಕು ಬಿಡುತ್ತದೆ.

ನಾನು ದಿನದ ಮಾಲಿಗೆ ಕಾರ್ಬೈಡ್ ತುದಿಯ ಪ್ರೆಶರ್ ನಾಝಲ್, ಸ್ಯಾಂಪಲ್‌ಗೆ ಎರಡು ದಾರಿಯದು ಇಟ್ಟುಕೊಂಡಿದ್ದೇನೆ. ನಿಮ್ಮ ಚೇಂಬರ್ ಅಗಲವಾಗಿದ್ದು, ದಿನಕ್ಕೊಂದು ಬಗೆಯ ಫೀಡ್ ಬರುತ್ತಿದ್ದರೆ ರೋಟರಿಯೇ ಸರಿ, ನನ್ನ ಮಾತು ಕೇಳಬೇಡಿ. ಉಳಿದವರು ಆರ್ಡರ್ ಕೊಡುವಾಗ ಬರೀ ನಾಝಲ್ ನಂಬರ್ ಬರೆಯಬೇಡಿ. ಫೀಡ್ ಎಷ್ಟು ಗಟ್ಟಿ, ಯಾವ ಬಿಸಿಯಲ್ಲಿ, ಗಂಟೆಗೆ ಎಷ್ಟು ಲೀಟರ್, ಚೇಂಬರ್‌ನ ಅಗಲ ಎಷ್ಟು ಅಂತ ಬರೆದು, ಅದೇ ಅಳತೆಯ ಇನ್ನೆರಡು ಆರಿಫಿಸ್ ಜೊತೆಗೇ ತರಿಸಿಕೊಳ್ಳಿ.