ಪೈಥಾನ್ ಇಂಟರ್‌ಪ್ರಿಟರ್ ವೇಗ: ಸ್ಟ್ಯಾಟಿಕ್ ಲಿಂಕಿಂಗೋ, ಶೇರ್ಡ್ ಲೈಬ್ರರಿಯೋ?

ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಡೆವಲಪರ್ ಕೈಯಲ್ಲಿ ಉಬುಂಟು ಲ್ಯಾಪ್‌ಟಾಪ್, ಸರ್ವರ್‌ನಲ್ಲಿ ರೆಡ್ ಹ್ಯಾಟ್. ಸ್ಕ್ರಿಪ್ಟ್ ಒಂದೇ ಆದರೂ ಸರ್ವರ್ ನಿಧಾನ ಅನ್ನಿಸಿದರೆ, ಯಂತ್ರವನ್ನು ಬೈಯುವ ಮೊದಲು ಎರಡೂ ಕಡೆ ಪೈಥಾನ್ ಬೈನರಿಯ (ಓಡುವ ಫೈಲಿನ) ಮೇಲೆ ಎಲ್‌ಡಿಡಿ ಓಡಿಸಿ; ಅದು ಬೈನರಿಗೆ ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ಆಜ್ಞೆ. ಪಟ್ಟಿಯಲ್ಲಿ ಲಿಬ್‌ಪೈಥಾನ್ ಕಂಡರೆ ಶೇರ್ಡ್, ಅಂದರೆ ಇಂಟರ್‌ಪ್ರಿಟರ್ ಬೇರೆ ಲೈಬ್ರರಿ ಫೈಲಿನಲ್ಲಿದೆ. ಕಾಣದಿದ್ದರೆ ಇಂಟರ್‌ಪ್ರಿಟರ್ ಇಡಿಯಾಗಿ ಬೈನರಿಯೊಳಗೇ ಇದೆ, ಅದು ಸ್ಟ್ಯಾಟಿಕ್. ಉಬುಂಟು ಸ್ಟ್ಯಾಟಿಕ್ ಪಂಗಡ, ರೆಡ್ ಹ್ಯಾಟ್ ಶೇರ್ಡ್ ಪಂಗಡ.

ಹೋಲಿಸುವುದಾದರೆ ಒಂದೇ ಸೋರ್ಸ್, ಒಂದೇ ಜಿಸಿಸಿ ಕಂಪೈಲರ್, ಎರಡು ಬೇರೆ ಬಿಲ್ಡ್ ಡೈರೆಕ್ಟರಿ, ಎರಡು ಬೇರೆ ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗ). ಬಿಲ್ಡ್ ಸಿದ್ಧಪಡಿಸುವ ಕಾನ್ಫಿಗರ್ ಸ್ಕ್ರಿಪ್ಟ್‌ಗೆ ಎರಡರಲ್ಲೂ ಎನೇಬಲ್-ಆಪ್ಟಿಮೈಸೇಷನ್ಸ್ ಮತ್ತು ವಿತ್-ಎಲ್‌ಟಿಒ (ಲಿಂಕ್ ಹೊತ್ತಿನ ಆಪ್ಟಿಮೈಸೇಷನ್) ಕೊಡಿ. ಒಂದಕ್ಕೆ ಮಾತ್ರ ಎನೇಬಲ್-ಶೇರ್ಡ್. ಶೇರ್ಡ್ ಬಿಲ್ಡ್‌ಗೆ ಆರ್‌ಪಾತ್ (ಲೈಬ್ರರಿ ಎಲ್ಲಿದೆ ಎಂದು ಬೈನರಿಯಲ್ಲೇ ಬರೆದಿಡುವ ದಾರಿ) ಕೂಡ ಬೇಕು. ಮರೆತರೆ ಲೈಬ್ರರಿ ಸಿಗಲಿಲ್ಲವೆಂದು ನಿಲ್ಲುತ್ತದೆ, ಅದು ಅದೃಷ್ಟವಂತರಿಗೆ. ಸಿಸ್ಟಮ್‌ನಲ್ಲಿ ಅದೇ ಆವೃತ್ತಿಯ ಹಳೆಯ ಲಿಬ್‌ಪೈಥಾನ್ ಇದ್ದರೆ ಅದನ್ನೇ ಸದ್ದಿಲ್ಲದೆ ಎತ್ತಿಕೊಳ್ಳುತ್ತದೆ; ನೀವು ಅಳೆದದ್ದು ಬೇರೆಯವರ ಬಿಲ್ಡ್ ಆಗಿರುತ್ತದೆ. ಅಳೆಯಲು ಪೈಪರ್ಫ್ ಎಂಬ ಬೆಂಚ್‌ಮಾರ್ಕ್ ಸಾಧನ ಸಾಕು. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿರಲಿ; ನಡುವೆ ಕರೆಂಟ್ ಹೋದರೆ ಆ ಅಳತೆ ಬಿಸಾಡಿ.

ಪೈಥಾನ್ 3.9 ಮತ್ತು ಅದಕ್ಕಿಂತ ಹಳೆಯದರಲ್ಲಿ ಸ್ಟ್ಯಾಟಿಕ್ ಗೆಲ್ಲುತ್ತದೆ. ಆದರೆ ಸೋಲಿಗೆ ಕಾರಣ ಲೈಬ್ರರಿ ಬೇರೆ ಫೈಲಿನಲ್ಲಿರುವುದಲ್ಲ, ಸೆಮ್ಯಾಂಟಿಕ್ ಇಂಟರ್‌ಪೊಸಿಷನ್. ಶೇರ್ಡ್ ಲೈಬ್ರರಿಯ ಯಾವ ಫಂಕ್ಷನ್ನನ್ನಾದರೂ ಎಲ್‌ಡಿ-ಪ್ರೀಲೋಡ್ (ಬೇರೆ ಲೈಬ್ರರಿಯನ್ನು ಮೊದಲೇ ಲೋಡ್ ಮಾಡಿಸುವ ವೇರಿಯಬಲ್) ಮೂಲಕ ಯಾರೋ ಬದಲಿಸಬಹುದು ಎಂದು ಜಿಸಿಸಿ ನಂಬಿಕೊಂಡು ಕೂರುತ್ತದೆ. ಹಾಗಾಗಿ ಲಿಬ್‌ಪೈಥಾನ್‌ನ ಒಂದು ಫಂಕ್ಷನ್ ಅದರದೇ ಇನ್ನೊಂದನ್ನು ಕರೆದರೂ ಪಿಎಲ್‌ಟಿ ಎಂಬ ವಿಳಾಸ ಹುಡುಕುವ ಕೋಷ್ಟಕ ದಾಟಬೇಕು: ಹಾಲ್‌ನಿಂದ ಅಡುಗೆಮನೆಗೆ ಸಿಲ್ಕ್ ಬೋರ್ಡ್ ಸುತ್ತಿ ಹೋದ ಹಾಗೆ. ಅದಕ್ಕಿಂತ ದೊಡ್ಡ ಪೆಟ್ಟು, ಅಂಥ ಕರೆಗಳನ್ನು ಇನ್‌ಲೈನ್ ಮಾಡಲಾಗದು, ಅಂದರೆ ಕರೆಸಿಕೊಂಡ ಫಂಕ್ಷನ್‌ನ ಕೋಡನ್ನು ಕರೆದ ಜಾಗದಲ್ಲೇ ಸೇರಿಸಲಾಗದು.

ಮದ್ದು ಒಂದೇ ಫ್ಲ್ಯಾಗ್: ಎಫ್-ನೋ-ಸೆಮ್ಯಾಂಟಿಕ್-ಇಂಟರ್‌ಪೊಸಿಷನ್. ಕಂಪೈಲ್ ಸಾಲಿಗೂ ಲಿಂಕ್ ಸಾಲಿಗೂ ಕೊಡಿ. ಎಲ್‌ಟಿಒ ಇದ್ದಾಗ ನಿಜವಾದ ಕೋಡ್ ಹುಟ್ಟುವುದೇ ಲಿಂಕ್ ಹೊತ್ತಿಗೆ. ಫೆಡೊರಾ 32ರಲ್ಲಿ ಇದನ್ನು ಹಾಕಿದಾಗ ಕೆಲಸಕ್ಕೆ ತಕ್ಕಂತೆ 5ರಿಂದ 27 ಶೇಕಡಾ ವೇಗ ಸಿಕ್ಕಿತು. 3.10ರಿಂದ ಜಿಸಿಸಿ ಜೊತೆ ಎನೇಬಲ್-ಶೇರ್ಡ್, ಎನೇಬಲ್-ಆಪ್ಟಿಮೈಸೇಷನ್ಸ್ ಎರಡನ್ನೂ ಕೊಟ್ಟರೆ ಫ್ಲ್ಯಾಗ್ ತಾನಾಗಿ ಬರುತ್ತದೆ. ಇನ್ನೊಂದು ಕಂಪೈಲರ್ ಕ್ಲ್ಯಾಂಗ್ ಬಳಸುವವರಿಗೆ ಈ ತಲೆನೋವು ಮೊದಲಿನಿಂದಲೂ ಕಡಿಮೆ. ಕಳೆದುಕೊಳ್ಳುವುದು ಲಿಬ್‌ಪೈಥಾನ್ ಒಳಗಿನ ಫಂಕ್ಷನ್‌ಗಳನ್ನು ಪ್ರೀಲೋಡ್‌ನಿಂದ ಬದಲಿಸುವ ಸೌಲಭ್ಯವನ್ನು ಮಾತ್ರ. ಮೆಮೊರಿ ಕೊಡುವ ಮ್ಯಾಲಕ್ ಸಿ ಲೈಬ್ರರಿಯಾದ ಲಿಬ್‌ಸಿಯದ್ದಾದ್ದರಿಂದ, ಅದರ ಬದಲಿಗೆ ಜೆಮ್ಯಾಲಕ್ ಹಾಕುವವರು ನಿಶ್ಚಿಂತರಾಗಿರಬಹುದು.

ಸ್ಟ್ಯಾಟಿಕ್ ಆದರೆ ಪ್ರತಿ ವರ್ಕರ್‌ಗೂ ಪ್ರತ್ಯೇಕ ಮೆಮೊರಿ ತಿನ್ನುತ್ತದೆ ಎನ್ನುವುದು ಬರೀ ಮಾತು. ಪೈಥಾನ್ ವೆಬ್ ಸರ್ವರ್ ಗುನಿಕಾರ್ನ್‌ನ ಎಂಟು ವರ್ಕರ್‌ಗಳೂ ಒಂದೇ ಬೈನರಿಯ ಕೋಡ್ ಪುಟಗಳನ್ನು ಹಂಚಿಕೊಳ್ಳುತ್ತವೆ.

ಆಯ್ಕೆ ನಿಂತಿರುವುದು ಪೈಥಾನನ್ನು ಬೇರೆ ಪ್ರೋಗ್ರಾಂ ಒಳಗೆ ಎಂಬೆಡ್ ಮಾಡುತ್ತೀರೋ ಇಲ್ಲವೋ ಎಂಬುದರ ಮೇಲೆ. ಅಪಾಚೆಯೊಳಗಿನ ಮಾಡ್-ಡಬ್ಲ್ಯುಎಸ್‌ಜಿಐ, ಪೋಸ್ಟ್‌ಗ್ರೆಸ್‌ನೊಳಗಿನ ಪಿಎಲ್-ಪೈಥಾನ್ ಇದ್ದರೆ ಶೇರ್ಡ್ ಬೇಕು. ಪಿಐಸಿ (ಮೆಮೊರಿಯಲ್ಲಿ ಎಲ್ಲಿಟ್ಟರೂ ಓಡುವ ಕೋಡ್) ಇಲ್ಲದ ಸ್ಟ್ಯಾಟಿಕ್ ಲೈಬ್ರರಿಯನ್ನು ಅವಕ್ಕೆ ತುರುಕಿದರೆ ಎಫ್-ಪಿಐಸಿ ಹಾಕಿ ಮತ್ತೆ ಕಂಪೈಲ್ ಮಾಡಿ ಎಂದು ಲಿಂಕರ್ ಗದರುತ್ತದೆ. ಬರೀ ಸ್ಕ್ರಿಪ್ಟ್, ವೆಬ್ ಸರ್ವಿಸ್ ಓಡಿಸುವವರಿಗೆ ಸ್ಟ್ಯಾಟಿಕ್ ಸಾಕು, ಆರ್‌ಪಾತ್ ಗೋಜಿಲ್ಲ. ಆದರೆ ಉತ್ಸಾಹದಲ್ಲಿ ಲಿಬ್‌ಸಿಯನ್ನೂ ಸೇರಿಸಿ ಪೂರ್ಣ ಸ್ಟ್ಯಾಟಿಕ್ ಮಾಡಲು ಹೋಗಬೇಡಿ: ಓಡುವಾಗ ಲೈಬ್ರರಿ ಲೋಡ್ ಮಾಡುವ ಡಿಎಲ್‌ಓಪನ್ ಕೈಕೊಡುತ್ತದೆ, ಅದನ್ನು ನಂಬಿದ ನಂಪೈ ಇಂಪೋರ್ಟ್ ಆಗುವುದಿಲ್ಲ.