ನೆಕ್ಸಾನ್ ಇವಿ, 2 ವರ್ಷ, 36,000 ಕಿ.ಮೀ.: ತಮ್ಮನ ಪೆಟ್ರೋಲ್ ಗಾಡಿ ಜೊತೆ ಹೋಲಿಸಿ

2024ರ ಜನವರಿಯಲ್ಲಿ ನಾನು ಟಾಟಾದ ಎಲೆಕ್ಟ್ರಿಕ್ ಕಾರು ನೆಕ್ಸಾನ್ ಇವಿ ಕೊಂಡೆ, ದೊಡ್ಡ ಬ್ಯಾಟರಿಯದು. ಅದೇ ತಿಂಗಳು ತಮ್ಮ ಪೆಟ್ರೋಲ್ ನೆಕ್ಸಾನ್ ಆಟೊಮ್ಯಾಟಿಕ್ ತಗೊಂಡ. ಅವನ ಮನೆ ಪಕ್ಕದ ಬೀದಿ. ಎರಡೂ ಗಾಡಿ ಸಾಕಷ್ಟು ಓಡಿಸಿದ್ದೇನೆ.

ಶೋರೂಂ ಬೆಲೆಯಲ್ಲಿ ನನ್ನದು ಸುಮಾರು 5 ಲಕ್ಷ ಜಾಸ್ತಿ. ಆದರೆ 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಶೇ 17 ರೋಡ್ ಟ್ಯಾಕ್ಸ್, ಮೇಲೆ ಸೆಸ್. ನನ್ನದಕ್ಕೆ ಆಗ ಸೊನ್ನೆ. ಕೊನೆಗೆ ಆನ್‌ರೋಡ್ ಅಂತರ 3 ಲಕ್ಷದ ಹತ್ತಿರ ಬಂತು.

ಈ 3 ಲಕ್ಷ ವಾಪಸ್ ಬರುತ್ತಾ? ಅದು ನೀವು ತಿಂಗಳಿಗೆ ಎಷ್ಟು ಓಡಿಸುತ್ತೀರಿ ಅನ್ನುವುದರ ಮೇಲಿದೆ. ನಾನು ಕೆಲಸಕ್ಕೆ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿ ಬರುತ್ತೇನೆ, ತಿಂಗಳಿಗೆ 1,500 ಕಿ.ಮೀ. ತಮ್ಮನ ಗಾಡಿ ಲೀಟರಿಗೆ 13 ಕೊಡುತ್ತದೆ, ಅಂದರೆ ಕಿ.ಮೀ.ಗೆ ಹತ್ತಿರ ಹತ್ತಿರ 8 ರೂಪಾಯಿ. ನನಗೆ ಮನೆ ಕರೆಂಟಿನಲ್ಲಿ ಒಂದು ರೂಪಾಯಿ ಚಿಲ್ಲರೆ. 44,000 ಕಿ.ಮೀ. ಆದರೆ ಲೆಕ್ಕ ಚುಕ್ತಾ, ನನಗೆ ಇನ್ನು ಆರು ತಿಂಗಳ ಮಾತು. ತಮ್ಮ ಓಡಿಸುವುದು ತಿಂಗಳಿಗೆ 500. ಅವನಿಗಾದರೆ ಏಳು ವರ್ಷ ದಾಟುತ್ತಿತ್ತು. ಪೆಟ್ರೋಲೇ ತಗೋ ಅಂತ ಅವನಿಗೆ ಹೇಳಿದ್ದು ನಾನೇ.

ಕೊಳ್ಳುವಾಗ ನನಗೆ ಹೊಳೆಯದೇ ಇದ್ದ ಒಂದು ಖರ್ಚಿದೆ. ನಮ್ಮ ಮನೆಗೆ ಗೃಹಜ್ಯೋತಿ ಇತ್ತು. ತಿಂಗಳಿಗೆ 110 ಯೂನಿಟ್, ಬಿಲ್ ಸೊನ್ನೆ. ಕಾರಿನ 240 ಯೂನಿಟ್ ಸೇರಿದ ಮೇಲೆ 200 ದಾಟಿತು. ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಮೊದಲು ಪುಕ್ಕಟೆ ಇದ್ದ ಮನೆ ಕರೆಂಟಿಗೆ ಈಗ ತಿಂಗಳಿಗೆ 800 ರೂಪಾಯಿ ಆಸುಪಾಸು. ಹಾಗಾಗಿ ಆ ಆರು ತಿಂಗಳು ಎಂಟಾಗುತ್ತದೆ.

ಓಡಿಸುವುದರಲ್ಲಿ ಇವಿಯೇ ಇಷ್ಟ. ನನ್ನದು 145 ಪಿಎಸ್, ತಮ್ಮನದು 120. ಓವರ್‌ಟೇಕ್ ಮಾಡುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಶಿರಾಡಿ ಘಾಟಿ ಇಳಿಯುವಾಗಂತೂ ಖುಷಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗಾಡಿ ತಾನೇ ನಿಧಾನವಾಗಿ ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ಮಾರನಹಳ್ಳಿಯಿಂದ ಗುಂಡ್ಯದವರೆಗೆ ಚಾರ್ಜ್ ಇಳಿಯುವುದೇ ಇಲ್ಲ. ವಾಪಸ್ ಹತ್ತುವಾಗ ಬೇಗ ಬೇಗ ಖಾಲಿಯಾಗುತ್ತದೆ, ಅದಕ್ಕೆ ಮಂಗಳೂರಿನಲ್ಲಿ ಫುಲ್ ಮಾಡಿಕೊಂಡೇ ಹೊರಡುತ್ತೇನೆ. ಒಂದು ಫುಲ್ ಚಾರ್ಜ್‌ಗೆ ಕಂಪನಿ ಹೇಳುವ ಪರೀಕ್ಷೆಯ ಅಂಕಿ 465 ಕಿ.ಮೀ. ಎಸಿ ಹಾಕಿ ಹೈವೇಯಲ್ಲಿ ಹೋದರೆ ನನಗೆ ಸಿಗುವುದು 280.

ದೂರದ ಪ್ರಯಾಣದಲ್ಲಿ ಒಮ್ಮೆ ತುಂಬಾ ಕಷ್ಟಪಟ್ಟೆ. ಕಳೆದ ಮಳೆಗಾಲ ಅಮ್ಮನನ್ನು ಬೆಂಗಳೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಚಾರ್ಜ್ ಶೇ 14 ಉಳಿದಿತ್ತು. ಆಪ್‌ನಲ್ಲಿ ಖಾಲಿ ಇದೆ ಅಂತ ತೋರಿಸಿದ ಚಾರ್ಜರ್ ಕೆಟ್ಟು ನಿಂತಿತ್ತು. ಮುಂದಿನದರಲ್ಲಿ ಇಬ್ಬರು ಕಾಯುತ್ತಿದ್ದರು. ಎರಡು ಗಂಟೆ ಅಮ್ಮ ಕಾರಿನಲ್ಲೇ ಕೂತಿದ್ದರು. ಈಗ ಆಸ್ಪತ್ರೆಗೆ ಅಂದರೆ ತಮ್ಮನ ಗಾಡಿಯನ್ನೇ ತೆಗೆಯುತ್ತೇವೆ.

ಈಗ ಕೊಳ್ಳುವವರು ಲೆಕ್ಕ ಹೊಸದಾಗಿ ಹಾಕಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಸಣ್ಣ ಪೆಟ್ರೋಲ್ ಎಸ್‌ಯುವಿಗೆ ಸೆಸ್ ಸೇರಿ ಶೇ 29 ಇದ್ದ ಜಿಎಸ್‌ಟಿ 18ಕ್ಕೆ ಇಳಿದಿದೆ. ಇವಿಗೆ ಮೊದಲಿನಂತೆ 5. ತಮ್ಮನಂಥ ಗಾಡಿ ಲಕ್ಷ ರೂಪಾಯಿ ಅಗ್ಗವಾಗಿದೆ, ಹಾಗಾಗಿ ನನ್ನ 44,000 ನಿಮಗೆ ಸಾಲುವುದಿಲ್ಲ. ಮನೆಯಲ್ಲಿ ಅರ್ಥಿಂಗ್ ಸರಿಯಿರುವ 15 ಆಂಪ್ಸ್ ಪ್ಲಗ್ ಇದೆಯಾ ಅಂತಲೂ ಮೊದಲೇ ನೋಡಿ. ನನ್ನ ದಿನದ ಓಡಾಟಕ್ಕೆ ಅದರಲ್ಲಿ ನಾಲ್ಕು ಗಂಟೆ ಸಾಕು. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ನಾನು ಯೂನಿಟ್‌ಗೆ 20 ರೂಪಾಯಿ ಮೇಲೆ ಕೊಟ್ಟಿದ್ದೇನೆ, ಕಿ.ಮೀ.ಗೆ 3 ರೂಪಾಯಿ ದಾಟುತ್ತದೆ.