ಸಕ್ಕರೆ 96, ಆದರೂ ನೆಮ್ಮದಿಯಿಲ್ಲ: ಬಿ.ಪಿ. ಇರುವವರ ತಪಾಸಣಾ ಪ್ಯಾಕೇಜ್ ಮಾಡಿಸಿದ ಅನುಭವ

ಒಂಬತ್ತು ವರ್ಷಗಳಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ. ಪ್ರತಿ ವರ್ಷ ಖಾಲಿ ಹೊಟ್ಟೆಯ ಸಕ್ಕರೆ ನೋಡಿಸುತ್ತೇನೆ, ಪ್ರತಿ ಸಲವೂ ನೂರರೊಳಗೇ ಬರುತ್ತದೆ. ನನ್ನ ತಂದೆಯೂ ಇದೇ ಧೈರ್ಯದಲ್ಲಿದ್ದರು. ಬಿ.ಪಿ. ಇತ್ತು, ಸಕ್ಕರೆ ಕಾಯಿಲೆ ಇರಲಿಲ್ಲ. ಐವತ್ತೆಂಟಕ್ಕೆ ಹೃದಯಾಘಾತದಿಂದ ಹೋದರು. ನನಗೆ ಐವತ್ತು ದಾಟಿದ ಮೇಲೆ ಅದೇ ಕಾಡತೊಡಗಿತು. ಹಾಗಾಗಿ ಈ ಸಲ, ರಕ್ತದೊತ್ತಡ ಇರುವವರಿಗೆಂದೇ ಒಂದು ಲ್ಯಾಬ್ ನಡೆಸುವ ತಪಾಸಣೆ ಮಾಡಿಸಿದೆ. ಖಾಲಿ ಹೊಟ್ಟೆಯ ಇನ್ಸುಲಿನ್ ಕೂಡ ಅದರಲ್ಲಿ ಸೇರಿತ್ತು.

ಬಿ.ಪಿ. ನೋಡಿದ ರೀತಿಗೆ ಪೂರ್ತಿ ಅಂಕ ಕೊಡುತ್ತೇನೆ. ದಾದಿ ನನ್ನನ್ನು ಐದು ನಿಮಿಷ ಮಾತಿಲ್ಲದೆ ಕೂರಿಸಿದರು. ಬೆನ್ನು ಕುರ್ಚಿಗೆ ಆನಿಸಿ, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ. ಸುತ್ತಿದ ಪಟ್ಟಿ ಸಾಲದೆನಿಸಿದಾಗ ಬಿಚ್ಚಿ ದೊಡ್ಡದನ್ನು ತಂದರು. ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಯಂತೆ. ಎರಡು ಸಲ ನೋಡಿ 142/90 ಎಂದು ಬರೆದುಕೊಂಡರು.

ವರದಿ ಮಾತ್ರ ಸಿಟ್ಟು ತರಿಸಿತು. ಸಕ್ಕರೆ 96, ಹಸಿರು. ಇನ್ಸುಲಿನ್ 18, ಅದೂ ಹಸಿರು; ಅವರು ಮುದ್ರಿಸಿರುವ ಮಿತಿ 25ರವರೆಗಿದೆ. ಎರಡು ಪುಟ ದಾಟಿದ ಮೇಲೆ ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 210, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಬರೀ 37, ಇವು ಕೆಂಪು. ಈ ನಾಲ್ಕಕ್ಕೂ ಬಿ.ಪಿ.ಗೂ ನಂಟಿದೆ ಎಂದು ಹೇಳುವ ಒಂದು ಸಾಲೂ ಇಲ್ಲ. ಇದೇ ನಂಟಿನ ಇನ್ನೊಂದು ಸುಳಿವಾದ ಸೊಂಟದ ಸುತ್ತಳತೆಯನ್ನಂತೂ ತೆಗೆದುಕೊಳ್ಳಲೇ ಇಲ್ಲ. ಒಂದು ಟೇಪು, ಅರ್ಧ ನಿಮಿಷ ಸಾಕಾಗುತ್ತಿತ್ತು!

ನಂಟು ಬಿಡಿಸಿ ಹೇಳಿದವರು ನನ್ನ ವೈದ್ಯರು. ಸಕ್ಕರೆಯನ್ನು ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿದರು: 4.3. ಇದು ದೇಹ ಇನ್ಸುಲಿನ್‌ಗೆ ಎಷ್ಟರಮಟ್ಟಿಗೆ ಓಗೊಡುತ್ತಿಲ್ಲ ಎಂದು ಅಂದಾಜಿಸಲು 1985ರಿಂದ ಬಳಕೆಯಲ್ಲಿರುವ ಹೋಮಾ ಲೆಕ್ಕ; ಅಂಕಿ ಹೆಚ್ಚಾದಷ್ಟೂ ಕೆಟ್ಟದ್ದು. ಸಕ್ಕರೆಯನ್ನು 96ರಲ್ಲಿ ನಿಲ್ಲಿಸಲು ನನ್ನ ಮೇದೋಜೀರಕ ಗ್ರಂಥಿ ಮೈಮುರಿದು ದುಡಿಯುತ್ತಿದೆ ಎಂದು ಅದರ ಅರ್ಥ. ಸ್ನಾಯುಗಳು ಇನ್ಸುಲಿನ್‌ಗೆ ಸರಿಯಾಗಿ ಓಗೊಡುತ್ತಿಲ್ಲ, ಮೂತ್ರಪಿಂಡ ಮಾತ್ರ ಓಗೊಡುತ್ತದೆ: ಇನ್ಸುಲಿನ್ ಹೆಚ್ಚಾದಷ್ಟೂ ಅದು ಉಪ್ಪಿನಂಶವನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಒತ್ತಡ ಏರುತ್ತದೆ. ರಕ್ತನಾಳದ ಒಳಪದರ ಸಡಿಲಗೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ, ಕೊಬ್ಬು ಕೂರಲು ದಾರಿಯಾಗುತ್ತದೆ. ಬಿ.ಪಿ. ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಈ ಇನ್ಸುಲಿನ್ ಪ್ರತಿರೋಧ ಇರುತ್ತದೆ ಎಂದರು. ತಂದೆಯ ನೆನಪಾಗಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಬಿ.ಪಿ.ಗೆಂದು ನಾನು ನುಂಗುತ್ತಿದ್ದ ಹಳೆಯ ಬೀಟಾ ಬ್ಲಾಕರ್ ಮಾತ್ರೆ ಇನ್ಸುಲಿನ್ ಪ್ರತಿರೋಧದ ವಿಷಯದಲ್ಲಿ ಒಳ್ಳೆಯದಲ್ಲವೆಂದು ವೈದ್ಯರು ಹಂತಹಂತವಾಗಿ ಬದಲಿಸಿದರು. ದಯವಿಟ್ಟು ಯಾರೂ ತಾವಾಗಿಯೇ ನಿಲ್ಲಿಸಬೇಡಿ, ಅದನ್ನು ಹಠಾತ್ತನೆ ಬಿಟ್ಟರೆ ಹೃದಯಕ್ಕೇ ಅಪಾಯ. ದಿನಕ್ಕೆ ಮುಕ್ಕಾಲು ಗಂಟೆ ಬಿರುಸಿನ ನಡಿಗೆ ಶುರುಮಾಡಿದೆ. ಆರು ತಿಂಗಳ ನಂತರ ಅದೇ ಲ್ಯಾಬಿಗೆ ಹೋದೆ; ಇನ್ಸುಲಿನ್ ಅಳತೆ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುವುದರಿಂದ ಹೋಲಿಸಲು ಅದೇ ಜಾಗ ಬೇಕು. ಸಕ್ಕರೆ 92, ಇನ್ಸುಲಿನ್ 11. ಲೆಕ್ಕ 2.5ಕ್ಕೆ ಇಳಿದಿತ್ತು. ವರದಿಯಲ್ಲಿ ಈ ಸಲವೂ ಆ ಲೆಕ್ಕವಿಲ್ಲ, ನಾನೇ ಅಂಚಿನಲ್ಲಿ ಬರೆದುಕೊಂಡೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಂದಿನ ವಾರ ಅಣ್ಣನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಅವನಿಗೂ ಬಿ.ಪಿ. ಇದೆ, ಸಕ್ಕರೆ ನಾರ್ಮಲ್ ಎನ್ನುತ್ತಾನೆ. ಟೇಪನ್ನು ನಾನೇ ಒಯ್ಯುತ್ತೇನೆ.